ಹೆಬ್ಬೆಟ್ಟಿನವರ ಓಟು: ಪೆರುವಿನ ಚುಸ್ಚಿ ಅನ್ನೋ ಬೆಟ್ಟದೂರಿನ ಕಥೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಬೈಯೋದಿದ್ರೆ ಆಮೇಲೆ ಬೈಯಿರಿ.

ಹೋದ ತಿಂಗಳು ನಮ್ಮ ಹುಡುಗರ ಒಂದು ಅಧ್ಯಯನ ಶಿಬಿರಕ್ಕೆ ಹೋಗಿದ್ದೆ. ಸಂವಿಧಾನ, ಮತದಾನದ ಹಕ್ಕು ಅಂತೆಲ್ಲ ಮಾತಾಡಿ ಮುಗಿಸಿದ ಮೇಲೆ ಒಬ್ಬ ಹುಡುಗ ಎದ್ದು ನಿಂತ. "ಸಾರ್, ಓಟಿನಿಂದ ನಮಗೆ ಏನು ಸಿಕ್ಕಿದೆ ಹೇಳಿ? ಐದು ವರ್ಷಕ್ಕೊಂದ್ಸಲ ಬಟನ್ ಒತ್ತೋದು, ಆಮೇಲೆ ಅದೇ ಕೇರಿ, ಅದೇ ಚರಂಡಿ. ಆ ಓಟಿನ ಪೆಟ್ಟಿಗೆಗೇ ಬೆಂಕಿ ಹಾಕಿದ್ರೆ ಒಳ್ಳೇದಲ್ವಾ?" ಅಂದ. ಹಿಂದೆ ಕೂತಿದ್ದವರು ಚಪ್ಪಾಳೆ ತಟ್ಟಿದರು.

ಅವನ ಸಿಟ್ಟು ಸುಳ್ಳಲ್ಲ. ಅದೇ ಚರಂಡಿ ಪಕ್ಕ ಬೆಳೆದವನು ನಾನೂ. ಆದರೆ ಓಟಿನ ಪೆಟ್ಟಿಗೆಗೆ ನಿಜವಾಗಿಯೂ ಬೆಂಕಿ ಹಾಕಿದ ಒಂದು ಊರಿನ ಬಗ್ಗೆ ಓದಿದ್ದೆ. ಅಲ್ಲಿ ಅದಾದ ಮೇಲೆ ಏನಾಯ್ತು ಅಂತ ಅವತ್ತು ಹೇಳೋಕೆ ಟೈಮು ಸಾಲಲಿಲ್ಲ. ಅದಕ್ಕೇ ಈ ಬರಹ.

ಊರಿನ ಹೆಸರು ಚುಸ್ಚಿ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡೀಸ್ ಬೆಟ್ಟಗಳ ನಡುವೆ, ಅಯಾಕುಚೊ ಸೀಮೆಯಲ್ಲಿದೆ. ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಮೀಟರ್ ಎತ್ತರ. ಕೆಳಗೆ ಪಾಂಪಾಸ್ ನದಿಯ ಕಣಿವೆ. ಚುಸ್ಚಿ ಒಂದು ಊರೂ ಹೌದು, ಸುತ್ತಲಿನ ಹಳ್ಳಿಗಳನ್ನು ಸೇರಿಸಿದ ಒಂದು ಜಿಲ್ಲೆಯೂ ಹೌದು. ಪೆರುವಿನಲ್ಲಿ 'ಜಿಲ್ಲೆ' ಅಂದ್ರೆ ನಮ್ಮ ಹೋಬಳಿ ಥರ ಅಂದ್ಕೊಳ್ಳಿ.

ಇಲ್ಲಿನ ಬಹುತೇಕ ಜನರ ಮಾತು ಕೆಚುವಾ. ಜಗತ್ತು ಇಟ್ಟ ಹೆಸರು ಅದು, ಅವರು ಕರೆಯೋದು 'ರುನಸಿಮಿ', ಅಂದ್ರೆ 'ಮನುಷ್ಯರ ಮಾತು'. ಬೆಟ್ಟದ ತುದಿಯ ಹುಲ್ಲುಗಾವಲಿನಲ್ಲಿ ಕುರಿ, ಲಾಮಾ, ಅಲ್ಪಾಕ ಸಾಕ್ತಾರೆ. ಅದಕ್ಕಿಂತ ಕೆಳಗೆ ಆಲೂಗಡ್ಡೆ, ಇನ್ನೂ ಕೆಳಗಿನ ಬೆಚ್ಚನೆ ಇಳಿಜಾರಲ್ಲಿ ಮೆಕ್ಕೆಜೋಳ. ಬಿತ್ತನೆ ಕಾಲದಲ್ಲಿ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದಕ್ಕೆ ಅವರು 'ಐನಿ' ಅಂತಾರೆ. ನಮ್ಮಲ್ಲಿ ಮುಯ್ಯಾಳು ಅಂತೀವಲ್ಲ, ಸೇಮ್ ಅದೇ. ವರ್ಷಕ್ಕೊಂದ್ಸಲ ಊರೆಲ್ಲ ಸೇರಿ ನೀರಿನ ಕಾಲುವೆ ತೆಗೀತಾರೆ, ಅದೇ ಅವರ ದೊಡ್ಡ ಹಬ್ಬ.

ಊರಲ್ಲಿ ಎರಡು ಥರದ ಜನ. ಹೊಲ ಉಳುವ, ಕೆಚುವಾ ಮಾತಾಡುವ ಸಮುದಾಯದವರು ಒಂದು ಕಡೆ. ಸ್ಪ್ಯಾನಿಶ್ ಮಾತಾಡುವ, ಅಂಗಡಿ ಇಟ್ಟ, ಕಚೇರಿ ಕೆಲಸದ, ಪಟ್ಟಣದ ಬಟ್ಟೆ ತೊಟ್ಟವರು ಇನ್ನೊಂದು ಕಡೆ. ಇವರನ್ನ ಹಳ್ಳಿಯವರು 'ಕಾಲ' ಅಂತಾರೆ. ಆ ಪದಕ್ಕೆ ಬೆತ್ತಲೆ, ಸಿಪ್ಪೆ ಸುಲಿದದ್ದು ಅಂತ ಅರ್ಥ. ತಮ್ಮ ಉಡುಪು, ತಮ್ಮತನ ಕಳಚಿ ಹಾಕಿದವರು ಅಂತ. ಪಟ್ಟಣದವರು ತಿರುಗಿ ಬೆಟ್ಟದವರಿಗೆ 'ಚುತೊ' ಅಂತಾರೆ. ಅದು ಬೈಗುಳ, ಕಾಡುಜನ ಅನ್ನೋ ಥರ. ಯಾವ ಮಾತು ಯಾರ ಮೇಲೆ ಎಷ್ಟು ಭಾರ ಬೀಳುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

1780ರಲ್ಲಿ ಎರಡನೇ ಟುಪಾಕ್ ಅಮಾರು ಸ್ಪೇನಿನ ಆಡಳಿತದ ವಿರುದ್ಧ ದಂಗೆ ಎದ್ದ. 1781ರ ಮೇ 18ರಂದು ಕುಸ್ಕೊ ನಗರದ ಚೌಕದಲ್ಲಿ ಅವನನ್ನೂ ಅವನ ಹೆಂಡತಿ ಮಿಕಾಯೆಲಾ ಬಸ್ತಿದಾಸ್‌ಳನ್ನೂ ಸಾರ್ವಜನಿಕವಾಗಿ ಕೊಂದರು. ಶಿಕ್ಷೆ ಅಲ್ಲಿಗೇ ನಿಲ್ಲಲಿಲ್ಲ. ಇಂಕಾ ಉಡುಪು ಉಡಬಾರದು, ಜನ ಕೆಚುವಾ ಬಿಟ್ಟು ಸ್ಪ್ಯಾನಿಶ್ ಕಲೀಬೇಕು ಅಂತ ಅದೇ ತೀರ್ಪಿನಲ್ಲಿ ಬರೆದರು. ದಂಗೆ ಎದ್ದದ್ದು ಮನುಷ್ಯರು, ಶಿಕ್ಷೆ ಭಾಷೆಗೂ.

1820ರ ದಶಕದಲ್ಲಿ ಸ್ವಾತಂತ್ರ್ಯ ಬಂತು. ಸ್ಪೇನಿನವರು ಹೋದರು, ಅವರ ಮೊಮ್ಮಕ್ಕಳು ಕುರ್ಚಿ ಹಿಡಿದರು. 1890ರ ದಶಕದಲ್ಲಿ ಕಾನೂನು ಮಾಡಿದರು: ಓದು ಬರಹ ಬಂದವರಿಗೆ ಮಾತ್ರ ಓಟು. ಜಾತಿ, ಜನಾಂಗದ ಹೆಸರೇ ಎತ್ತಲಿಲ್ಲ ನೋಡಿ. ಎಷ್ಟು ನಾಜೂಕು! ಓದು ಅಂದ್ರೆ ಸ್ಪ್ಯಾನಿಶ್ ಓದು. ಬೆಟ್ಟದ ಮೇಲೆ ಶಾಲೆ ಇಲ್ಲ, ಇದ್ದ ಕಡೆ ಮಗು ಮನೆಯ ಮಾತಾಡಿದರೆ ಹೊಡೆತ. ಹಾಗಾಗಿ ಕೆಚುವಾ ಜನರಿಗೆ ಓಟಿಲ್ಲ ಅಂತ ಎಲ್ಲೂ ಬರೆಯದೆಯೇ ಅವರ ಓಟನ್ನ ಕಿತ್ಕೊಂಡರು. 1955ರಲ್ಲಿ ಹೆಂಗಸರಿಗೆ ಓಟು ಕೊಟ್ಟಾಗಲೂ ಅಕ್ಷರ ಬಲ್ಲ ಹೆಂಗಸರಿಗೆ ಮಾತ್ರ.

ಇಲ್ಲಿ ನಮ್ಮದೊಂದು ಮಾತು ಹೇಳಲೇಬೇಕು. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲೂ ಓಟಿಗೆ ಆಸ್ತಿ, ತೆರಿಗೆ, ವಿದ್ಯೆಯ ಷರತ್ತು ಇತ್ತು. 1928ರಲ್ಲೇ ಬಾಬಾಸಾಹೇಬರು ಸೈಮನ್ ಕಮಿಷನ್ ಮುಂದೆ ವಯಸ್ಕರಿಗೆಲ್ಲ ಓಟು ಬೇಕು ಅಂತ ಕೇಳಿದ್ದರು. 1951–52ರ ಮೊದಲ ಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರು, ಅವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಜನ ಹೆಬ್ಬೆಟ್ಟಿನವರು. ಅದೇ ಹಕ್ಕಿಗೆ ಪೆರುವಿನ ಬೆಟ್ಟದ ಜನ ಇನ್ನೂ ಮೂರು ದಶಕ ಕಾಯಬೇಕಾಯ್ತು.

1968ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಜನರಲ್ ವೆಲಾಸ್ಕೊ ವಿಚಿತ್ರ ಸೇನಾಧಿಕಾರಿ. 1969ರಲ್ಲಿ ಭೂಸುಧಾರಣೆ ತಂದ, ಜಮೀನ್ದಾರರ ಬಿಟ್ಟಿ ಚಾಕರಿ ಮುರಿದ, 1975ರಲ್ಲಿ ಕೆಚುವಾವನ್ನ ಅಧಿಕೃತ ಭಾಷೆ ಅಂತ ಘೋಷಿಸಿದ. ಆದರೆ ಜನ ಓಟು ಹಾಕುವ ಚುನಾವಣೆಯನ್ನ ಮಾತ್ರ ಅವನೂ ನಡೆಸಲಿಲ್ಲ. ಕೊನೆಗೆ 1979ರ ಸಂವಿಧಾನ ಅಕ್ಷರ ಬಾರದವರಿಗೂ ಓಟು ಕೊಟ್ಟಿತು. ಅದರಡಿ ಮೊದಲ ಚುನಾವಣೆ 1980ರ ಮೇ 18ಕ್ಕೆ. ಟುಪಾಕ್ ಅಮಾರುವನ್ನ ಕೊಂದು ಸರಿಯಾಗಿ 199 ವರ್ಷ.

ಆ ಚುನಾವಣೆಯ ಹಿಂದಿನ ದಿನ, ಮೇ 17, ಕತ್ತಲ ಹೊತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಕೆಲವರು ಚುಸ್ಚಿಯ ಚುನಾವಣಾ ಕಚೇರಿಗೆ ನುಗ್ಗಿದರು. ಕಾವಲಿದ್ದ ನೋಂದಣಿ ನೌಕರನನ್ನ ಕಟ್ಟಿಹಾಕಿದರು. ಓಟಿನ ಪೆಟ್ಟಿಗೆ, ಮತದಾರರ ಪಟ್ಟಿ ಎಲ್ಲ ಚೌಕಕ್ಕೆ ತಂದು ಸುಟ್ಟರು. ಮುಂದಾಳು ಒಬ್ಬ ಶಾಲಾ ಮೇಷ್ಟ್ರು. ಸಂಘಟನೆಯ ಹೆಸರು ಪೆರು ಕಮ್ಯುನಿಸ್ಟ್ ಪಕ್ಷ, ಜಗತ್ತಿಗೆ ಗೊತ್ತಿರೋದು 'ಸೆಂದೆರೊ ಲುಮಿನೊಸೊ', ಹೊಳೆಯುವ ಹಾದಿ. ತಮ್ಮ ಸಶಸ್ತ್ರ ಯುದ್ಧ ಶುರುವಾದದ್ದು ಅವತ್ತೇ ಅಂತ ಅವರೇ ಹೇಳಿಕೊಂಡರು.

ಯೋಚನೆ ಮಾಡಿ. ದೇಶದಲ್ಲಿ ಅಷ್ಟೊಂದು ಊರುಗಳಿವೆ. ಹೆಬ್ಬೆಟ್ಟಿನ ಜನ ಹುಟ್ಟಿದಾರಭ್ಯ ಮೊದಲ ಸಲ ಓಟು ಹಾಕೋಕೆ ಹೊರಟ ಕೆಚುವಾ ಊರಲ್ಲೇ, ಆ ಜನರ ಹೆಸರಲ್ಲೇ, ಅವರ ಓಟು ಸುಟ್ಟರು. ಊರಿನವರನ್ನ ಯಾರೂ ಕೇಳಲಿಲ್ಲ.

ಮರುದಿನ ಏನಾಯ್ತು ಗೊತ್ತಾ? ಬೇರೆ ಸಾಮಗ್ರಿ ತರಿಸಿ ಚುಸ್ಚಿಯಲ್ಲಿ ಮತದಾನ ನಡೀತು. ಈ ಕಥೆ ಹೇಳೋರು ಬೆಂಕಿಯನ್ನ ಎಲ್ಲರೂ ನೆನಪಿಟ್ಟಿದ್ದಾರೆ. ಮರುದಿನ ಬಂದು ಓಟು ಹಾಕಿದವರ ಬಗ್ಗೆ ಮಾತಾಡೋರು ಕಡಿಮೆ. ಲಿಮಾದ ಪತ್ರಿಕೆಗಳಿಗಂತೂ ಎರಡೂ ದೊಡ್ಡ ಸುದ್ದಿ ಆಗಲಿಲ್ಲ.

ಈ ಬೆಂಕಿ ಹಾಕಿದವರು ಯಾರು? ನಾಯಕ ಅಬಿಮಾಯೆಲ್ ಗುಸ್ಮಾನ್ ಅಯಾಕುಚೊ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. 1677ರಲ್ಲಿ ಶುರುವಾಗಿ, ಮುಚ್ಚಿಹೋಗಿ, 1959ರಲ್ಲಿ ಮತ್ತೆ ತೆರೆದ ವಿಶ್ವವಿದ್ಯಾಲಯ ಅದು. ಹಳ್ಳಿ ರೈತರ ಮಕ್ಕಳು ಮೊದಲ ಸಲ ಅಲ್ಲಿಗೆ ಓದೋಕೆ ಬಂದರು. ಕೆಚುವಾದಲ್ಲಿ 'ಞಾವಿ' ಅಂದ್ರೆ ಕಣ್ಣು. ಓದು ಕಲಿತವನು ಕಣ್ಣುಳ್ಳವನು, ಕಲಿಯದವನು ಕುರುಡ ಅನ್ನೋ ಭಾವನೆ ಬೆಟ್ಟದಲ್ಲಿ ಆಳವಾಗಿತ್ತು. ಕಣ್ಣು ತೆರೆಸ್ತಾರೆ ಅಂತ ಅಪ್ಪ ಅಮ್ಮ ಹೊಲ ಅಡ ಇಟ್ಟು ಓದಿಸಿದ ಮಕ್ಕಳು ಅವರು. ಓದಿ ಮೇಷ್ಟ್ರಾಗಿ ಹಳ್ಳಿಗೆ ವಾಪಸ್ ಬಂದರು, ಜೊತೆಗೆ ಪ್ರೊಫೆಸರ್ ಬರೆದುಕೊಟ್ಟ ಸತ್ಯವನ್ನೂ ತಂದರು. ಆ ಸತ್ಯದಲ್ಲಿ ವರ್ಗ ಇತ್ತು, ಮಾವೊ ಇದ್ದ. ಕೆಚುವಾ ಅನ್ನೋ ಮಾತಿಗೆ, ಬಣ್ಣಕ್ಕೆ, ಅವಮಾನಕ್ಕೆ ಜಾಗವೇ ಇರಲಿಲ್ಲ ಅನ್ನಬಹುದು. ಜಾತಿಯ ಮಾತೆತ್ತಿದರೆ 'ಮೊದಲು ವರ್ಗ' ಅಂತ ಬಾಯಿ ಮುಚ್ಚಿಸಿಕೊಂಡ ಹಿರಿಯರು ನಮ್ಮಲ್ಲೂ ಇದ್ದಾರೆ, ಅವರಿಗೆ ಇದು ಬೇಗ ಅರ್ಥ ಆಗುತ್ತೆ.

ನ್ಯಾಯವಾಗಿ ಇದನ್ನೂ ಹೇಳಬೇಕು. ಮೊದಮೊದಲು ಹಲವು ಹಳ್ಳಿಗಳ ಜನ ಅವರನ್ನ ಸ್ವಾಗತಿಸಿದರು. ದನ ಕಳ್ಳರಿಗೆ, ಲಂಚ ತಿನ್ನೋ ಅಧಿಕಾರಿಗಳಿಗೆ, ಹೆಂಡತಿಗೆ ಬಡಿಯೋ ಗಂಡಸರಿಗೆ ಛಡಿ ಏಟು ಬಿತ್ತು. ಸರ್ಕಾರ ಯಾವತ್ತೂ ಕೊಡದ ನ್ಯಾಯ. ಯಾರಿಗೆ ಬೇಡ ಹೇಳಿ? ಆದರೆ ಏಟು ಬೇಗ ಕೊಲೆಯಾಯ್ತು. ಬೆಟ್ಟದ ರೈತರ ಲೆಕ್ಕ ಬೇರೆ ಇತ್ತು: ತಪ್ಪು ಮಾಡಿದವನಿಗೆ ಹೊಡಿ, ದಂಡ ಹಾಕು, ಕೊಲ್ಲಬೇಡ. ಕೊಂದ್ರೆ ಅವನ ಮಕ್ಕಳನ್ನ ಯಾರು ಸಾಕ್ತಾರೆ? ಮುಯ್ಯಾಳಿಗೆ ಅವನ ಮನೆಯಿಂದ ಯಾರು ಬರ್ತಾರೆ? ಆ ಪ್ರಶ್ನೆಗೆ ಪಕ್ಷದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಆಮೇಲೆ ನಗರಕ್ಕೆ ಊಟ ಹೋಗಬಾರದು ಅಂತ ಸಂತೆ ಮುಚ್ಚಿಸಿದರು, ಮನೆಗೆ ಬೇಕಾದಷ್ಟೇ ಬಿತ್ತಿ ಅಂದರು. ಸಂತೆ ಇಲ್ಲದೆ ಉಪ್ಪು, ಬೆಂಕಿಪೆಟ್ಟಿಗೆ, ಸೀಮೆಎಣ್ಣೆ ಎಲ್ಲಿಂದ ಬರಬೇಕು?

ಎದುರು ನಿಂತ ಹಳ್ಳಿಗಳ ಗತಿ ಏನಾಯ್ತು? 1983ರ ಏಪ್ರಿಲ್ 3ರಂದು ಅದೇ ಅಯಾಕುಚೊದ ಲುಕಾನಮಾರ್ಕ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸೆಂದೆರೊ 69 ಜನರನ್ನ ಕೊಡಲಿ, ಮಚ್ಚು, ಬಂದೂಕಿನಿಂದ ಕೊಂದಿತು. ಎಳೆ ಮಕ್ಕಳನ್ನೂ ಬಿಡಲಿಲ್ಲ. ಕೇಂದ್ರ ನಾಯಕತ್ವವೇ ಅದನ್ನ ತೀರ್ಮಾನಿಸಿತ್ತು ಅಂತ ಗುಸ್ಮಾನ್ ಆಮೇಲೆ ಒಪ್ಪಿಕೊಂಡ.

ಇಷ್ಟು ಹೇಳಿ ನಿಲ್ಲಿಸಿದರೆ ಸರ್ಕಾರದ ಪರ ಭಾಷಣ ಆಗುತ್ತೆ. ಸರ್ಕಾರ ಏನು ಮಾಡ್ತು ನೋಡಿ. 1982ರ ಕೊನೆಯಲ್ಲಿ ಅಯಾಕುಚೊವನ್ನ ಸೈನ್ಯದ ಕೈಗೆ ಕೊಟ್ಟರು. ಸೈನಿಕರ ಕಣ್ಣಲ್ಲಿ ಕೆಚುವಾ ಮಾತಾಡೋ ಪ್ರತಿಯೊಬ್ಬನೂ ನಕ್ಸಲನೇ. 1985ರ ಆಗಸ್ಟ್ 14ರಂದು ಅಕ್ಕೊಮಾರ್ಕ ಅನ್ನೋ ಜಿಲ್ಲೆಯಲ್ಲಿ 60ಕ್ಕೂ ಹೆಚ್ಚು ಜನರನ್ನ, ಮುದುಕರು, ಹೆಂಗಸರು, ಮಕ್ಕಳನ್ನ, ಮನೆಯೊಳಗೆ ಕೂಡಿ ಗುಂಡು ಹೊಡೆದು ಬೆಂಕಿ ಇಟ್ಟರು. ಶಿಕ್ಷೆ ಆದದ್ದು 2016ರಲ್ಲಿ. ಸತ್ತವರ ಮೂಳೆಗಳು ಮನೆಯವರ ಕೈಗೆ ಸಿಕ್ಕಿದ್ದು 2022ರಲ್ಲಿ.

ಚುಸ್ಚಿಗೆ ವಾಪಸ್ ಬರೋಣ. 1991ರ ಮಾರ್ಚ್‌ನಲ್ಲಿ ಸೈನಿಕರು ಮತ್ತು ಪೊಲೀಸರು ಊರಿನ ಮೇಯರ್ ಮತ್ತು ಇನ್ನೂ ಮೂವರನ್ನ ಹಿಡಿದುಕೊಂಡು ಹೋದರು. ಅವರು ಮತ್ತೆ ಬರಲೇ ಇಲ್ಲ. ಇದಕ್ಕೆ ಪೆರು ಸರ್ಕಾರವೇ ಹೊಣೆ ಅಂತ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕು ಆಯೋಗ 2000ದಲ್ಲಿ ಹೇಳಿತು. ಗಮನಿಸಿ: ಓಟಿನ ಪೆಟ್ಟಿಗೆ ಸುಟ್ಟವರು ಕ್ರಾಂತಿಕಾರಿಗಳು. ಊರಿನ ಮೇಯರನ್ನೇ ಮಾಯ ಮಾಡಿದ್ದು ಪ್ರಜಾಪ್ರಭುತ್ವ ಕಾಪಾಡ್ತೀವಿ ಅಂದವರು.

ಅಯಾಕುಚೊ ಅನ್ನೋ ಹೆಸರಿಗೆ ಕೆಚುವಾದಲ್ಲಿ 'ಸತ್ತವರ ಮೂಲೆ' ಅಂತ ಅರ್ಥ ಹೇಳ್ತಾರೆ. ಆ ಮೂಲೆಯಲ್ಲಿ ನಿಂತು ಸರ್ಕಾರಕ್ಕೆ ಎದುರು ಮಾತಾಡಿದ್ದು ಯಾರು? ಪ್ರೊಫೆಸರುಗಳಲ್ಲ, ಕೆಚುವಾ ತಾಯಂದಿರು. 1983ರ ಜುಲೈನಲ್ಲಿ ಅಂಹೆಲಿಕಾ ಮೆಂದೋಸಾ ಅನ್ನೋ ತಾಯಿಯ ಮಗನನ್ನ ರಾತ್ರಿ ಮನೆಯಿಂದ ಎಳೆದುಕೊಂಡು ಹೋದರು. ಆಕೆ ಠಾಣೆ, ಸೇನಾ ಶಿಬಿರ, ಹೆಣ ಎಸೆಯುವ ಕಮರಿ ಎಲ್ಲ ಹುಡುಕಿದಳು. ತನ್ನಂಥ ತಾಯಂದಿರನ್ನ ಸೇರಿಸಿ ಅದೇ ವರ್ಷ ಸಂಘಟನೆ ಕಟ್ಟಿದಳು. 'ಕೊಲ್ಲಬೇಡಿ' ಅಂತ ಬರೆದ ಮರದ ದೊಡ್ಡ ಶಿಲುಬೆ ಹೊತ್ತು ಬೀದಿಗಿಳಿದಳು. ಎರಡೂ ಕಡೆಯ ಬಂದೂಕಿನವರಿಗೆ ಆಕೆ ಹೇಳಿದ್ದು ಅದೊಂದೇ ಮಾತು. ಅಯಾಕುಚೊದ ಸೇನಾ ಶಿಬಿರದ ಪಕ್ಕದ ಜಮೀನನ್ನ ಅಗೆದಾಗ ನೂರಕ್ಕೂ ಹೆಚ್ಚು ಜನರ ಅವಶೇಷ ಸಿಕ್ಕವು, ಹೆಣ ಸುಟ್ಟ ಒಲೆಯೂ ಸಿಕ್ಕಿತು. 2017ರ ಆಗಸ್ಟ್‌ನಲ್ಲಿ ಕೋರ್ಟು ಇಬ್ಬರು ಸೇನಾಧಿಕಾರಿಗಳಿಗೆ ಶಿಕ್ಷೆ ಕೊಟ್ಟಿತು. ಅದಾಗಿ ಹತ್ತು ಹನ್ನೊಂದು ದಿನಕ್ಕೆ ಆಕೆ ತೀರಿಕೊಂಡಳು. ಮಗ ಸಿಗಲಿಲ್ಲ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ.

2001ರಲ್ಲಿ ಪೆರುವಿನಲ್ಲಿ ಸತ್ಯಶೋಧನಾ ಆಯೋಗ ರಚನೆ ಆಯ್ತು. ಸುಮಾರು 17 ಸಾವಿರ ಜನರ ಹೇಳಿಕೆ ತಗೊಂಡರು. ಅದಕ್ಕಿಂತ ಮುಂಚೆ ಸತ್ತವರು 25ರಿಂದ 35 ಸಾವಿರ ಇರಬಹುದು ಅಂತ ದೇಶ ನಂಬಿತ್ತು. 2003ರ ಆಗಸ್ಟ್ 28ರಂದು ಆಯೋಗ ಕೊಟ್ಟ ಅಂದಾಜು 69,280. ಅಂದ್ರೆ ಹೆಚ್ಚು ಕಡಿಮೆ ಅರ್ಧದಷ್ಟು ಜನ ಸತ್ತದ್ದು ದೇಶದ ಗಮನಕ್ಕೇ ಬಂದಿರಲಿಲ್ಲ. ಹೇಗೆ ಸಾಧ್ಯ? ಬದುಕಿದ್ದಾಗಲೂ ಅವರು ಲೆಕ್ಕದಲ್ಲಿ ಇರಲಿಲ್ಲ. ಎಷ್ಟೋ ಜನರಿಗೆ ಜನನ ಪತ್ರ ಇಲ್ಲ, ಗುರುತಿನ ಚೀಟಿ ಇಲ್ಲ. ಎಷ್ಟೋ ಊರಲ್ಲಿ ಇದ್ದ ದಾಖಲೆಯೂ ಯುದ್ಧದಲ್ಲಿ ಸುಟ್ಟುಹೋಗಿತ್ತು. ಚುಸ್ಚಿಯಲ್ಲಿ ಅವತ್ತು ಪೆಟ್ಟಿಗೆಯ ಜೊತೆ ಹೆಸರಿನ ಪಟ್ಟಿಯೂ ಸುಟ್ಟದ್ದು ನೆನಪಿದೆಯಲ್ಲ? ಓಟರ್ ಲಿಸ್ಟು ಬರೀ ಓಟಿನ ಲಿಸ್ಟಲ್ಲ. ನಾನು ಇಲ್ಲಿದ್ದೆ ಅನ್ನೋಕೆ ಬಡವನ ಹತ್ತಿರ ಇರೋ ಒಂದು ಸಾಕ್ಷಿ.

ಸತ್ತವರಲ್ಲಿ ನೂರಕ್ಕೆ 75 ಜನರ ಮನೆಮಾತು ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆ. ದೇಶದ ಜನಸಂಖ್ಯೆಯಲ್ಲಿ ಅಂಥವರು ನೂರಕ್ಕೆ 16 ಮಾತ್ರ. ಆಯೋಗಕ್ಕೆ ವರದಿಯಾದ ಸಾವುಗಳಲ್ಲಿ ನೂರಕ್ಕೆ 54 ಸೆಂದೆರೊ ಮಾಡಿದ್ದು, ಮೂರನೇ ಒಂದಕ್ಕಿಂತ ಹೆಚ್ಚು ಸರ್ಕಾರದ ಕಡೆಯವರು ಮಾಡಿದ್ದು. ಅಯಾಕುಚೊದಲ್ಲಿ ಸತ್ತ ಪ್ರಮಾಣದಲ್ಲೇ ಇಡೀ ದೇಶ ಸತ್ತಿದ್ದರೆ ಹೆಣಗಳ ಸಂಖ್ಯೆ 12 ಲಕ್ಷ ಆಗ್ತಿತ್ತು, ಲಿಮಾ ನಗರ ಒಂದರಲ್ಲೇ 3 ಲಕ್ಷ 40 ಸಾವಿರ. ಇದು ಆಯೋಗವೇ ಹಾಕಿದ ಲೆಕ್ಕ. ಲಿಮಾದಲ್ಲಿ ಅಷ್ಟು ಜನ ಸತ್ತಿದ್ದರೆ ಇಪ್ಪತ್ತು ವರ್ಷ ಯಾರಿಗೂ ಗೊತ್ತಾಗದೇ ಇರ್ತಿತ್ತಾ?

ಯುದ್ಧ ಮುಗೀತು. ಅಕ್ಷರದ ಅಹಂಕಾರ ಮುಗಿಯಲಿಲ್ಲ.

2006ರಲ್ಲಿ ಇಲಾರಿಯಾ ಸುಪಾ ಅನ್ನೋ ಕುಸ್ಕೊ ಸೀಮೆಯ ರೈತ ಹೆಣ್ಣುಮಗಳು ಸಂಸತ್ತಿಗೆ ಗೆದ್ದು ಕೆಚುವಾದಲ್ಲಿ ಪ್ರಮಾಣ ಮಾಡಿದಳು. ದೊಡ್ಡ ರಗಳೆ ಆಯ್ತು. 2009ರಲ್ಲಿ ಲಿಮಾದ ಒಂದು ಪತ್ರಿಕೆ ಆಕೆ ಬರೆದುಕೊಳ್ತಿದ್ದ ನೋಟ್ಸಿನ ಫೋಟೊ ಹೊಡೆದು, ಸ್ಪ್ಯಾನಿಶ್ ಕಾಗುಣಿತ ತಪ್ಪು ಅಂತ ಮುಖಪುಟದಲ್ಲಿ ಹಾಕಿ ನಕ್ಕಿತು. ಮುಂದಿನ ವರ್ಷ ಆಕೆ ಸಂಸತ್ತಿನ ಶಿಕ್ಷಣ ಸಮಿತಿಯ ಅಧ್ಯಕ್ಷೆ ಆದಳು.

2021ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪೆದ್ರೊ ಕಾಸ್ತಿಯೊ ಅನ್ನೋ ಹಳ್ಳಿ ಮೇಷ್ಟ್ರು 44,263 ಓಟಿನಿಂದ ಗೆದ್ದರು. ಅಯಾಕುಚೊದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಓಟು ಅವರಿಗೆ. ಸೋತ ಕೇಯ್ಕೊ ಫುಹಿಮೊರಿ ಕಡೆಯ ವಕೀಲರು ಸುಮಾರು 800 ಮತಗಟ್ಟೆಗಳ 2 ಲಕ್ಷ ಓಟು ರದ್ದು ಮಾಡಿ ಅಂದರು. ಹೆಚ್ಚಿನವು ಬೆಟ್ಟದ, ಹಳ್ಳಿಗಳ ಮತಗಟ್ಟೆ. ಕಾರಣ? ಸಹಿ ಹೊಂದಲ್ಲ, ಮತಗಟ್ಟೆಯವರ ಅಡ್ಡಹೆಸರು ಒಂದೇ ಇದೆ, ಸಂಬಂಧಿಕರಿರಬೇಕು. ಕೆಚುವಾ ಹಳ್ಳಿಯಲ್ಲಿ ಕಿಸ್ಪೆ, ಮಮಾನಿ ಅನ್ನೋ ಹೆಸರು ಮನೆಮನೆಗೂ ಇರುತ್ತೆ. ನಮ್ಮ ಕೇರಿಯಲ್ಲಿ ಎಷ್ಟು ಮಾರಯ್ಯ, ಎಷ್ಟು ಮುನಿಯಮ್ಮ ಇಲ್ಲ? ಚುನಾವಣಾ ನ್ಯಾಯಮಂಡಳಿ ಆ ಅರ್ಜಿಗಳನ್ನ ಒಪ್ಪಲಿಲ್ಲ. 1980ರಲ್ಲಿ ಮುಸುಕು ಹಾಕಿಕೊಂಡು ಸೀಮೆಎಣ್ಣೆ ಹಿಡಿದು ಬಂದಿದ್ದರು, 2021ರಲ್ಲಿ ಕೋಟು ಹಾಕಿಕೊಂಡು ಅರ್ಜಿ ಹಿಡಿದು ಬಂದರು.

ಕಾಸ್ತಿಯೊ ದೇವರೇನಲ್ಲ. 2022ರ ಡಿಸೆಂಬರ್ 7ರಂದು ಸಂಸತ್ತನ್ನೇ ವಿಸರ್ಜಿಸೋಕೆ ಹೋಗಿ ಕುರ್ಚಿ ಕಳ್ಕೊಂಡರು. ನಮ್ಮ ಓಟಿಗೆ ಬೆಲೆ ಇಲ್ವಾ ಅಂತ ಬೆಟ್ಟದ ಜನ ಬೀದಿಗಿಳಿದರು. ಡಿಸೆಂಬರ್ 15ರಂದು ಅಯಾಕುಚೊದಲ್ಲಿ ಸೈನ್ಯ ಗುಂಡು ಹಾರಿಸಿತು. ಹತ್ತು ಜನ ಸತ್ತರು. ಅದೇ ಅಯಾಕುಚೊ.

ಆ ಹುಡುಗನಿಗೆ ಈಗ ಉತ್ತರ ಹೇಳ್ತೀನಿ. ತಮ್ಮಾ, ಓಟಿನಿಂದ ಚರಂಡಿ ಸರಿಹೋಗಲಿಲ್ಲ, ನಿಜ. ಸಾಮಾಜಿಕ, ಆರ್ಥಿಕ ಸಮಾನತೆ ಬರದಿದ್ದರೆ ಓಟಿನ ಸಮಾನತೆ ಉಳಿಯಲ್ಲ ಅಂತ ಬಾಬಾಸಾಹೇಬರೇ 1949ರಲ್ಲಿ ಎಚ್ಚರಿಸಿದ್ದರು. ಅದೇ ಭಾಷಣದಲ್ಲಿ ರಕ್ತದ ದಾರಿ ಬಿಡಿ ಅಂತಲೂ ಹೇಳಿದ್ದರು. ಎರಡನ್ನೂ ಒಟ್ಟಿಗೆ ಹಿಡಿಯೋದು ಕಷ್ಟ, ಆದರೆ ಹಿಡಿಯಲೇಬೇಕು. ಆ ಓಟು ಬೆಲೆ ಇಲ್ಲದ್ದು ಅಂತ ನೀನು ಅಂದ್ಕೊಂಡ್ರೂ, ಅದನ್ನ ಕಿತ್ಕೊಳ್ಳೋಕೆ ಯಾರ್ಯಾರು ಕಾಯ್ತಿದ್ದಾರೆ ನೋಡು. ನಮ್ಮ ದೇಶದಲ್ಲೇ ಹರಿಯಾಣ ಸರ್ಕಾರ 2015ರಲ್ಲಿ ಪಂಚಾಯ್ತಿಗೆ ನಿಲ್ಲೋಕೆ ಇಂತಿಷ್ಟು ಓದಿರಬೇಕು ಅಂತ ಕಾನೂನು ತಂತು. ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡೀತು. ಓದಿಸದೇ ಇದ್ದವರು ಅವರು, ಓದಿಲ್ಲ ಅಂತ ಶಿಕ್ಷೆ ನಮಗೆ. ಪೆರುವಿನ 1890ರ ದಶಕದ ಕಾನೂನು ಹೀಗೇ ನಾಜೂಕಾಗಿ ಶುರುವಾಗಿತ್ತು.

ಇನ್ನೊಂದು ಮಾತು, ಓದಿಕೊಂಡ ನಮಗೆಲ್ಲ. ಚುಸ್ಚಿಯ ಪೆಟ್ಟಿಗೆ ಸುಟ್ಟವನು ಜಮೀನ್ದಾರ ಅಲ್ಲ, ಮೇಷ್ಟ್ರು. ಕಣ್ಣು ತೆರೆಸ್ತೀನಿ ಅಂತ ಬಂದವನು. ಜನರಿಗಿಂತ ನಮಗೇ ಜಾಸ್ತಿ ಗೊತ್ತು ಅನ್ನೋ ರೋಗ ನಮ್ಮ ಸಂಘಟನೆಗಳಿಗೂ ತಗುಲಬಹುದು. ತಗುಲಿದೆ ಕೂಡ.

ನಮ್ಮಜ್ಜಿ ಹೆಬ್ಬೆಟ್ಟಿನವಳು. ಒಂದು ಕಚೇರಿಯಲ್ಲಿ ಗುಮಾಸ್ತನೊಬ್ಬ ನನ್ನೆದುರೇ ಅವಳನ್ನ "ಏ ಹೆಬ್ಬೆಟ್ಟು, ಬಾ ಇಲ್ಲಿ" ಅಂತ ಕರೆದದ್ದು ನನಗೆ ಇವತ್ತಿಗೂ ಮರೆತಿಲ್ಲ. ಓಟಿನ ದಿನ ಮಾತ್ರ ಅವಳ ಗತ್ತೇ ಬೇರೆ. ಊರ ಯಜಮಾನರು "ಯಾರಿಗೆ ಹಾಕ್ದೆ?" ಅಂದ್ರೆ "ನೀವು ಹೇಳ್ದೋರಿಗೇ ಸಾಮಿ" ಅಂತಿದ್ಲು. ಮನೆಗೆ ಬಂದ ಮೇಲೆ ನಾವು ಕೇಳಿದ್ರೆ ಸುಮ್ನೆ ನಗ್ತಿದ್ಲು. ಅವಳ ಕೂಲಿ, ಅವಳ ಸಾಲ, ಅವಳ ಮನೆ ಜಗಳ ಎಲ್ಲ ಆ ಯಜಮಾನರಿಗೆ ಗೊತ್ತಿತ್ತು. ಅವರಿಂದ ಮುಚ್ಚಿಡೋಕೆ ಅವಳ ಹತ್ತಿರ ಇದ್ದದ್ದು ಅದೊಂದೇ. ಸಾಯೋವರೆಗೂ ಯಾರಿಗೂ ಹೇಳಲಿಲ್ಲ.

ಅದನ್ನ ಸುಡೋಕೆ ನನಗೆ ಮನಸ್ಸು ಬರಲ್ಲ ತಮ್ಮಾ.

ಜೈ ಭೀಮ್.